ಆವಿಗೆಗೆ ಶಾವಿಗೆ

ನನ್ನ ತಂಗಿಗೆ ಲಕ್ವ ಹೊಡೆದು ಮಾತು ಹೋದ ಮೇಲೆ ಅವಳ ಬಾಯಲ್ಲಿ ಒಂದೇ ಒಂದು ಶಬ್ದ ಉಳಿದುಕೊಂಡಿತ್ತು. ಶಾವಿಗೆ. ನೀರು ಬೇಕಾದರೆ ಲೋಟದ ಕಡೆ ನೋಡುತ್ತಿದ್ದಳು, ಸೆಕೆಯಾದರೆ ಫ್ಯಾನಿನ ಕಡೆ ತಲೆಯೆತ್ತುತ್ತಿದ್ದಳು. ಮಾತೆಂದು ಹೊರಗೆ ಬರುತ್ತಿದ್ದದ್ದು ಇದೊಂದೇ. ಕಡೂರಿನ ನಮ್ಮ ಮನೆಯ ಹಿತ್ತಲ ಕಿಟಕಿಯ ಬಳಿ ಮಧ್ಯಾಹ್ನವೆಲ್ಲ ಕೂತಿರುವಳು. ಗೂಡ್ಸ್ ಗಾಡಿಯೊಂದು ಬೀರೂರಿನ ಕಡೆಗೆ ತನ್ನನ್ನು ತಾನೇ ಎಳೆದುಕೊಂಡು ಹೋಗುವ ಸದ್ದು ಕರಗುತ್ತಾ ಬರುವಾಗ ಪಕ್ಕದಲ್ಲಿದ್ದ ನನ್ನ ಸೆರಗು ಹಿಡಿದು "ಶಾವಿಗೆ" ಎನ್ನುವಳು. ಬಾಗಿಲಾಚೆ ನಿಂತು ಕೇಳಿದವರಿಗೆ ಇವಳಿಗೇನೂ ಆಗೇ ಇಲ್ಲ ಎನ್ನಿಸಬೇಕು, ಅಷ್ಟು ಸ್ಪಷ್ಟ.

ನಾವು ಶಾವಿಗೆ ಮಾಡಿದೆವು. ಮತ್ತೇನು ಮಾಡುತ್ತಾರೆ? ಅಕ್ಕಿಹಿಟ್ಟು ಬೇಯಿಸಿ ನಾನು ಉಂಡೆ ಕಟ್ಟಿಕೊಟ್ಟರೆ ನನ್ನ ಗಂಡ ಹಿತ್ತಾಳೆ ಒರಳಿಗೆ ತುಂಬಿ, ಹಲ್ಲು ಕಚ್ಚಿಕೊಂಡು ತಿರುಗಿಸುತ್ತಿದ್ದರು. ಬಿಸಿ ಎಳೆಗಳು ತಟ್ಟೆಗೆ ಇಳಿದ ಮೇಲೆ ಬೆಲ್ಲ ಏಲಕ್ಕಿಯ ಕಾಯಿಹಾಲು ಹೊಯ್ದು ಅವಳ ಮುಂದೆ ಇಡುತ್ತಿದ್ದೆ. ಅವಳು ಒಂದು ಗಳಿಗೆ ನೋಡಿ, ಆಡುತ್ತಿದ್ದ ಒಂದೇ ಕೈ, ಎಡಗೈಯಿಂದ ತಟ್ಟೆಯನ್ನು ಆಚೆ ತಳ್ಳಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು. ಖಾರದ್ದು ಬೇಕೇನೋ ಎಂದು ನಿಂಬೆಹಣ್ಣು ಹಿಂಡಿ ಒಗ್ಗರಣೆ ಹಾಕಿದೆ. ರಾಗಿಯದ್ದಿರಬಹುದೆಂದು ರಾಗಿಯದ್ದು ಮಾಡಿದೆ. ಅಂಗಡಿಯ ಪೊಟ್ಟಣದ ಶಾವಿಗೆ ತಂದು ಪಾಯಸವನ್ನೂ ಮಾಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. "ಕಡೂರಲ್ಲಿರೋ ಶಾವಿಗೆಯೆಲ್ಲ ಮುಗೀತು ಕಣೇ, ಇನ್ಯಾವ್ದು ತರ್ಲಿ ಹೇಳು" ಎಂದು ತಟ್ಟೆ ಕುಕ್ಕುತ್ತಿದ್ದೆ. ಅವಳು ಹೇಳುವಂತಿದ್ದರೆ ಹೇಳುತ್ತಿರಲಿಲ್ಲವೇ.

ಸಿಟ್ಟಿನ ಅಡಿಯಲ್ಲಿದ್ದದ್ದು ಭಯ. ಅವಳು ತಿನ್ನುತ್ತಿರಲಿಲ್ಲ. ಚಮಚ ತುಟಿಗಿಟ್ಟರೆ ನಮ್ಮ ಮುಖ ನೋಡಿ ಒಂದೆರಡು ತುತ್ತು ನುಂಗುವಳು, ಆಮೇಲೆ ಬಾಯಿ ಮುಚ್ಚಿಬಿಡುವಳು. ಗಂಟಲಿಗೇನೂ ತೊಂದರೆಯಿಲ್ಲ, ಮನಸ್ಸಿಲ್ಲ, ಹೀಗೇ ಇಳಿಯುತ್ತಾ ಹೋದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಮಾತು ಕಲಿಸಲು ಚಿಕ್ಕಮಗಳೂರಿನಿಂದ ಬರುತ್ತಿದ್ದ ತರುಣಿ ನನ್ನ ತಟ್ಟೆ ಕುಕ್ಕುವ ಪ್ರತಾಪವನ್ನು ಒಮ್ಮೆ ಕಣ್ಣಾರೆ ಕಂಡಳು. "ಬೈಬೇಡಿ ಆಂಟಿ. ತಪ್ಪು ಮಾತಾದ್ರೂ ತಿದ್ದಬೇಡಿ. ಅವರು ಕೇಳಿದ್ದು ಅವರ ಕೈಗೆ ಸಿಕ್ತು ಅಂತ ಒಂದ್ಸಲ ಆಗ್ಬೇಕು. ಆಮೇಲೆ ಊಟಾನೂ ಕೇಳ್ತಾರೆ, ಮಾತೂ ಬರುತ್ತೆ" ಎಂದಳು. ಅವಳು ಹೋದ ಮೇಲೆ ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ.

ಒಂದು ಬೆಳಿಗ್ಗೆ ತಂಗಿಯ ತಲೆ ಬಾಚುತ್ತಾ, ಇವಳು ಇಡೀ ದಿನ ನೋಡುವುದೇನು ಎಂದು ಅವಳ ಕಣ್ಣಿನ ಮಟ್ಟಕ್ಕೆ ಬಗ್ಗಿ ಕಿಟಕಿಯಿಂದಾಚೆ ನೋಡಿದೆ. ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು, ಅದರಾಚೆ ಅವಳ ಶೀಟಿನ ಕೊಟ್ಟಿಗೆ. ಕೊಟ್ಟಿಗೆಯೊಳಗೆ ಅವಳ ಆವಿಗೆ. ಮಡಕೆ ಸುಡುವ ಗೂಡಿಗೆ ನಮ್ಮ ಕಡೆ ಆವಿಗೆ ಎನ್ನುತ್ತಾರೆ. ಸ್ಕೂಲಿನಲ್ಲಿ ಕ್ರಾಫ್ಟ್ ಟೀಚರಾಗಿದ್ದು ನಿವೃತ್ತಳಾದ ತಂಗಿ, ಎಲ್ಲೋ ಮುಚ್ಚಿಹೋದ ಕ್ರಾಫ್ಟ್ ಕ್ಲಾಸೊಂದರಿಂದ ಕರೆಂಟಿನಲ್ಲಿ ಉರಿಯುವ ಹಳೆಯ ಆವಿಗೆಯೊಂದನ್ನು ಕೊಂಡು ತಂದು, ಮಣ್ಣು ಮೆತ್ತಿದ ಕೈಯಲ್ಲೇ ಕಾಲ ಕಳೆಯುತ್ತಿದ್ದಳು. ಬಾಚಣಿಗೆ ನನ್ನ ಕೈಯಲ್ಲೇ ನಿಂತುಬಿಟ್ಟಿತು. ಶಾವಿಗೆಯಲ್ಲ, ಆವಿಗೆ! ನಾಲಗೆ ಮೊದಲ ಅಕ್ಷರ ಬದಲಿಸಿಕೊಂಡಿದೆ, ಅಷ್ಟೇ!

ಅವಳನ್ನು ತೋಳು ಹಿಡಿದು ನಿಧಾನವಾಗಿ ಕೊಟ್ಟಿಗೆಗೆ ನಡೆಸಿಕೊಂಡು ಹೋದೆ. ಶೀಟಿನ ತೂತುಗಳಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಇಳಿದು ಎಲ್ಲದರ ಮೇಲೂ ಕೂತಿತ್ತು. ಹಲಗೆಯ ಮೇಲೆ ಅವಳು ಕಾಯಿಲೆ ಬೀಳುವ ಮುಂಚೆ ಮಾಡಿಟ್ಟ ಹಸಿ ಕೂಜೆಗಳು, ಒಣಗಿ ಬೂದಿಬಣ್ಣಕ್ಕೆ ತಿರುಗಿ, ಬೆರಳು ಮುಟ್ಟಿದರೆ ಪುಡಿಯಾಗುವ ಹಾಗಿದ್ದವು. ಸುಡದ ಮಣ್ಣು ಹಾಗೆಯೇ. ಮೇಲೊಂದು ಚೊಂಬು ನೀರು ಬಿದ್ದರೆ ಮತ್ತೆ ಕೆಸರು. ಆವಿಗೆ ಎಂದರೆ ಎದೆಮಟ್ಟದ ತಗಡಿನ ಪೀಪಾಯಿ. ಒಳಗೋಡೆಗೆ ಹಗುರವಾದ ಬಿಳಿ ಇಟ್ಟಿಗೆ, ಆ ಇಟ್ಟಿಗೆಯಲ್ಲಿ ಸುತ್ತಲೂ ಕೊರೆದ ಕಾಲುವೆಗಳು. ಆ ಕಾಲುವೆಗಳಲ್ಲಿ ಕೆಂಪಗೆ ಕಾಯುವ ತಂತಿಯ ಸುರುಳಿ, ಅಂದರೆ ಕಾಯಿಲ್, ಮಲಗಿರಬೇಕು. ಎಲ್ಲ ಖಾಲಿ. ಹಳೆಯ ಕಾಯಿಲುಗಳು ಹಪ್ಪಳದ ಹಾಗೆ ಮುರಿಯುತ್ತವೆ ಎಂದು ಅವಳೇ ಕಿತ್ತು ಗುಜರಿಯವನಿಗೆ ಕೊಟ್ಟಿದ್ದಳು. ಹೊಸದು ತರಿಸುವ ಮೊದಲೇ ಬಿದ್ದಳು. ಅವಳು ಮುಚ್ಚಳ ಎತ್ತಿಸಿ, ಎಡಗೈ ಒಳಗಿಳಿಸಿ, ಖಾಲಿ ಕಾಲುವೆಯೊಳಗೆ ಒಂದು ಬೆರಳು ಓಡಿಸುತ್ತಾ ನನ್ನನ್ನೇ ನೋಡಿ, "ಶಾವಿಗೆ" ಎಂದಳು.

"ಗೊತ್ತಾಯ್ತು ಕಣೇ. ಆವಿಗೆ ತಾನೇ? ರಿಪೇರಿ ಮಾಡಿಸ್ತೀನಿ" ಎಂದೆ.

ಅವಳು ಹೌದೆಂದಳೋ ಇಲ್ಲವೆಂದಳೋ ತಿಳಿಯದ ಹಾಗೆ ತಲೆ ಅಲ್ಲಾಡಿಸಿದಳು. ನಾನು ಹೌದೆಂದೇ ತಿಳಿದೆ.

ರಿಪೇರಿ ಎನ್ನುವುದು ಬಾಯಿಗೆ ಸುಲಭ. ಆವಿಗೆ ಮಾಡಿದ ಕಂಪನಿ ಈಗಿಲ್ಲ. ಮೈಮೇಲಿನ ತಗಡಿನಲ್ಲಿ ವೋಲ್ಟು, ಕಿಲೋವ್ಯಾಟು ಎರಡು ಮಾತ್ರ ಓದಲು ಬರುತ್ತವೆ, ಉಳಿದದ್ದನ್ನು ತುಕ್ಕು ತಿಂದಿದೆ. ಮೊಬೈಲನ್ನು ಬಾಯಿಗೆ ಹಿಡಿದು "ಆವಿಗೆ ಬಿಡಿಭಾಗಗಳು" ಎಂದು ಕೇಳಿದೆ. ಇಡ್ಲಿ ಪಾತ್ರೆಯ ರಬ್ಬರು ತೋರಿಸಿತು. "ಆವಿಗೆ ಕೆಟ್ಟುಹೋಗಿದೆ" ಎಂದೆ. ಮುಖವನ್ನು ಆವಿಗೆ ಹಿಡಿಯುವ ಸರಿಯಾದ ಕ್ರಮ, ನೆಗಡಿಗೆ ನೀಲಗಿರಿ ಎಣ್ಣೆ. ಪಾಪ, ಅದಕ್ಕೆ ತಿಳಿದದ್ದು ಹಬೆಯ ಆವಿ, ಅದಕ್ಕೊಂದು 'ಗೆ'. ಆಮೇಲೆ ಬಹಳ ದಿನ ನನ್ನ ಮೊಬೈಲು ನನಗೆ ನೆಗಡಿಯೆಂದೇ ನಂಬಿಕೊಂಡು ಉಪಚಾರ ಮಾಡಿತು.

ಇಂಗ್ಲಿಷಿನಲ್ಲಾದರೂ ಕೇಳೋಣವೆಂದು ಕಡೂರಿನ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ "ಕಿಲ್ನ್ ಇದೆ, ಕಾಯಿಲ್ ಹೋಗಿದೆ" ಎಂದೆ. ಅಂಗಡಿಯಾತ ಗಿರಾಕಿಗಳ ನಡುವೆ ಒಂದು ಕಿವಿ ಕೊಟ್ಟು, "ಕಾಯಿಲ್ ಕ್ಲೀನ್ ತಾನೇ? ಅಡ್ರೆಸ್ ಹೇಳಿ ಮೇಡಂ, ಜನ ಕಳಿಸ್ತೀನಿ" ಎಂದ. ಬಂದವನ ಕೈಯಲ್ಲಿ ಬ್ರಷ್ಷು, ಆ್ಯಸಿಡ್ ಬಾಟಲಿ. ಗೀಸರ್ ಎಲ್ಲಿ ಎಂದು ಬಚ್ಚಲುಮನೆಗೆ ನುಗ್ಗಿದ. ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರೆ ಪೀಪಾಯಿಯನ್ನು ಒಂದು ಸುತ್ತು ಬಂದು, "ಇದು ಕ್ಲೀನಾಗೇ ಐತಲ್ಲ ಮೇಡಂ" ಎಂದ. ಸಿಟ್ಟು ಬರಬೇಕಿತ್ತು, ನಗು ಬಂತು. ನನ್ನ ಗಂಡ ಅವನಿಗೆ ಟೀ ಕೊಟ್ಟು ಸಮಾಧಾನ ಮಾಡಿದರು. ಟೀ ಕುಡಿಯುತ್ತಾ ಅವನೇ ಹೇಳಿದ, ತರೀಕೆರೆಯಲ್ಲಿ ಮೋಟಾರು ವೈಂಡಿಂಗ್ ಮಾಡುವವರೊಬ್ಬರಿದ್ದಾರೆ, ತಂತಿ ಸುತ್ತುವುದೇ ಅವರ ಕೆಲಸ, ಕೇಳಿ ನೋಡಿ ಎಂದು.

ತರೀಕೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬೀರೂರು ದಾಟಿದ ಮೇಲೆ ತೆಂಗಿನ ತೋಟಗಳು ಒಂದರ ಹಿಂದೊಂದು ಸರಿಯುತ್ತಾ, ದೂರದ ಗುಡ್ಡಗಳು ಮಂಕು ನೀಲಿಯಲ್ಲಿ ಏಳುತ್ತಾ, ನನ್ನ ಕಣ್ಣು ಅರ್ಧ ಮುಚ್ಚಿಕೊಂಡಿತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ಎಲ್ಲವೂ ಸುರುಳಿಯಾಗಿ ಕಂಡಿತು. ಮುಂದಿನ ಸೀಟಿನ ಹೆಂಗಸಿನ ಜಡೆ, ಬೇಲಿಗೆ ಹಬ್ಬಿದ ಬಳ್ಳಿಯ ತುದಿ, ಹೆಗಲ ಮೇಲೆ ಹಗ್ಗ ಸುತ್ತಿಕೊಂಡು ರಸ್ತೆಯಂಚಿನಲ್ಲಿ ನಡೆಯುತ್ತಿದ್ದವನು. ಚಿಕ್ಕಂದಿನ ತಂಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಏನೋ ಹೇಳುತ್ತಿದ್ದಳು, ಉದ್ದಕ್ಕೆ, ತಡೆಯಿಲ್ಲದೆ, ಅವಳಿಗೆ ಚಾಳಿಯಿದ್ದ ಹಾಗೆ. ಏನೆಂದು ಬಗ್ಗಿ ಕೇಳುವಷ್ಟರಲ್ಲಿ ಕಂಡಕ್ಟರು ತರೀಕೆರೆ ತರೀಕೆರೆ ಎಂದು ಬಾಗಿಲು ಬಡಿದ.

ವೈಂಡಿಂಗ್ ಅಂಗಡಿಯ ತುಂಬ ವಾರ್ನಿಷಿನ ವಾಸನೆ, ನೆಲದ ಮೇಲೆ ಹೊಟ್ಟೆ ಬಿಚ್ಚಿಕೊಂಡ ಪಂಪ್‌ಸೆಟ್ ಮೋಟಾರುಗಳು. ಅಂಗಡಿಯವರು ಹರಟೆ ಪ್ರಿಯರು, ಕೆಲಸಕ್ಕಿಂತ ಮಾತು ಮುಂದೆ. ನನ್ನ ಮೊಬೈಲಿನಲ್ಲಿದ್ದ ಫೋಟೋಗಳನ್ನು ಹಿಂದೆ ಮುಂದೆ ಸರಿಸಿ ನೋಡಿ, "ನಾನು ಪಂಪ್‌ಸೆಟ್ಟಿನೋನು ಮೇಡಂ, ಇಂಥದ್ದು ಕಂಡೇ ಇಲ್ಲ. ಸುತ್ತಿಕೊಡಾದು ಕಷ್ಟ ಅಲ್ಲ. ತಂತಿ ಎಷ್ಟು ದಪ್ಪ, ಎಷ್ಟು ದಪ್ಪದ ಕೋಲಿನ ಮೇಲೆ ಸುತ್ತಿದ್ರು, ಅದು ಹೇಳಿ" ಎಂದರು.

"ನಿಮಗೆ ತಿಳಿದ ಹಾಗೆ ಯಾವುದಾದರೂ ಹಾಕಿಕೊಡಿ."

"ಅಯ್ಯೋ, ಹಂಗೆಲ್ಲ ಆಗಾಕಿಲ್ಲ ಕಣ್ರೀ. ಸಣ್ಣ ಆದ್ರೆ ಬೇಗ ಸುಟ್ಟೋಯ್ತದೆ. ದಪ್ಪ ಆದ್ರೆ ಉದ್ದ ಜಾಸ್ತಿಯಾಗಿ ಆ ಕಾಲುವೇಲಿ ಕೂರಾಕಿಲ್ಲ. ಹಳೇದ್ರದ್ದು ಒಂದು ಚೂರಾದ್ರೂ ತನ್ನಿ, ಸಾಕು."

ಮನೆಗೆ ಬಂದು ಕೊಟ್ಟಿಗೆಯ ನೆಲ ಗುಡಿಸಿದೆ, ಡಬ್ಬಿಗಳನ್ನೆಲ್ಲ ಬೋರಲು ಹಾಕಿದೆ. ಒಂದು ಚೂರೂ ಇಲ್ಲ. ತಂಗಿ ಕುರ್ಚಿಯಲ್ಲಿ ಕೂತು ನನ್ನ ಒದ್ದಾಟ ನೋಡುತ್ತಾ ಮತ್ತೆ ಮತ್ತೆ "ಶಾವಿಗೆ, ಶಾವಿಗೆ" ಎಂದಳು. ಅವಳ ದನಿ ಸಣ್ಣದಾಗುತ್ತಿತ್ತು, ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಆ ತಿಂಗಳ ತೂಕ ನೋಡಿ ಡಾಕ್ಟರು ನಳಿಕೆಯ ಮಾತನ್ನು ಮತ್ತೆ ಎತ್ತಿದ್ದರು. ಇನ್ನು ಸ್ವಲ್ಪ ನೋಡೋಣ ಎಂದು ಬೇಡಿಕೊಂಡು ಬಂದಿದ್ದೆವು.

ಉಳಿದದ್ದು ಅಜ್ಜಂಪುರ. ಅಜ್ಜಂಪುರದ ಆಚೆಯ ಹಳ್ಳಿಯೊಂದರಲ್ಲಿ ಮಡಕೆ ಮಾಡುವ ಮನೆತನದ ಅಜ್ಜಿಯೊಬ್ಬರಿದ್ದರು. ತಂಗಿಗೆ ಕೆರೆಯ ಜೇಡಿಮಣ್ಣು ಹದ ಮಾಡಿ ಕೊಡುತ್ತಿದ್ದವರು ಅವರೇ. ಆವಿಗೆಯ ಕಷ್ಟಸುಖವನ್ನು ತಂಗಿ ಅವರ ಹತ್ತಿರ ಹೇಳಿಕೊಂಡಿದ್ದರೂ ಇರಬಹುದೆಂದು ಬೆಳಗಿನ ರೈಲು ಹತ್ತಿದೆ. ಎಷ್ಟು ನಿಧಾನದ ರೈಲು ಅದು. ಕಪ್ಪುನೆಲದಲ್ಲಿ ಈರುಳ್ಳಿ ಕೀಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿ, ಮತ್ತೆ ಬಗ್ಗಿ, ಇನ್ನೊಂದು ಹಿಡಿ ಕಿತ್ತು ಗುಡ್ಡೆಗೆ ಹಾಕುವವರೆಗೂ ನಾವು ಅವರ ಎದುರಿಗೇ ಇದ್ದೆವು. ಇಳಿಯುವುದೇ ಬೇಡ, ಹೀಗೇ ಹೋಗುತ್ತಿರಲಿ, ತಂಗಿ ಕಿಟಕಿಯ ಬಳಿ ಕೂತೇ ಇರಲಿ, ಏನೂ ಮುಗಿಯದಿರಲಿ ಎನ್ನಿಸಿತು.

ಅಜ್ಜಿ ಜಗುಲಿಯ ಮೇಲೆ ಕೂತು ಮಡಕೆಯ ತಳ ಬಡಿಯುತ್ತಿದ್ದರು. ನಾನು ಯಾರೆಂದು ಹೇಳಿ, ತಂಗಿಗೆ ಹೀಗಾಗಿದೆ ಎಂದಾಗ ಕೈಯ ಹಲಗೆ ಕೆಳಗಿಟ್ಟು ಲೊಚಗುಟ್ಟಿದರು. ಆವಿಗೆಯ ಪಾರ್ಟು ಹುಡುಕಿಕೊಂಡು ಬಂದೆ ಎಂದಾಗ ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟರು.

"ನಮ್ಮ ಆವಿಗೇಗೆ ಯಾವ ಪಾರ್ಟು ಕಣವ್ವಾ? ಸೌದೆ, ಹುಲ್ಲು, ಬೆರಣಿ, ಮ್ಯಾಲೊಂದಿಷ್ಟು ಬೂದಿ. ಮಳೆ ಬಂದ್ರೆ ಎಲ್ಲಾ ಹೋಯ್ತು, ಇನ್ನೊಂದು ಒಟ್ಟಾದು."

"ಅವಳು ತನ್ನ ಆವಿಗೆ ಬಗ್ಗೆ ಏನಾದ್ರೂ ಹೇಳ್ತಿದ್ಲಾ ಅಜ್ಜಿ? ತಂತಿ, ಗಿಂತಿ?"

"ತಂತಿ ಅಂತ ಹೇಳ್ಲಿಲ್ಲಪ್ಪ." ಅಜ್ಜಿ ಯೋಚಿಸಿದರು. "ಶಾವಿಗೆ ಅಂತಿದ್ಲು. ಶಾವಿಗೆ ಮುರ್ದು ಮುರ್ದು ಬೀಳ್ತವೆ ಅಜ್ಜಿ, ಹೊಸಾ ಶಾವಿಗೆ ಹಾಕುಸ್ಬೇಕು ಅಂತ. ನಂಗೋ ನಗು. ಹೊಟ್ಟೆಗಿಕ್ಕಾದನ್ನ ತಂದು ಆವಿಗೇಗೆ ಇಕ್ತಾಳಲ್ಲ ಇವ್ಳು ಅಂತ ಬೈದಿದ್ದೆ."

ನಾನು ಅಲ್ಲೇ ಜಗುಲಿಯ ಮೇಲೆ ಕೂತುಬಿಟ್ಟೆ. ನಾಲಗೆ ಜಾರಿರಲಿಲ್ಲ. ಒಂದಕ್ಷರವೂ ತಪ್ಪಿರಲಿಲ್ಲ. ಕಾಯಿಲಿಗೆ ಅವಳು ಇಟ್ಟುಕೊಂಡಿದ್ದ ಹೆಸರೇ ಅದು. ಅಷ್ಟು ದಿನ ಅವಳು ಕೇಳುತ್ತಿದ್ದದ್ದು ಖಾಲಿ ಕಾಲುವೆಯೊಳಗೆ ಮಲಗಬೇಕಿದ್ದ ತಂತಿಯನ್ನು. ನಾವು ಅದಕ್ಕೆ ಕಾಯಿಹಾಲು ಹೊಯ್ದು ಹೊಯ್ದು ಅವಳ ಮುಂದಿಟ್ಟಿದ್ದೆವು. ಅಜ್ಜಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟು ನನ್ನ ಬೆನ್ನು ಸವರಿದರು.

ಮನೆಗೆ ಬಂದವಳೇ ಹಿಟ್ಟು ಬೇಯಲು ಇಟ್ಟೆ. "ಮತ್ತೆ ಶಾವಿಗೇನಾ?" ಎಂದು ಗಂಡ ಮುಖ ಹುಳ್ಳಗೆ ಮಾಡಿಕೊಂಡರು. "ಈ ಸಲ ತಿನ್ನೋಕಲ್ಲ ರೀ, ಅಳತೆ ನೋಡೋಕೆ" ಎಂದು ಅಜ್ಜಂಪುರದ ಕತೆ ಹೇಳಿದೆ. ತಂಗಿಯನ್ನೂ ಅಡುಗೆಮನೆಗೆ ಕರೆತಂದು ಕೂರಿಸಿದೆವು. ಒರಳಿನ ತಳಕ್ಕೆ ಹಾಕುವ ತೂತಿನ ಬಿಲ್ಲೆಗಳೆಲ್ಲ ಒಂದು ಡಬ್ಬಿಯಲ್ಲಿರುತ್ತವೆ. ಗಂಡ ಯಾವಾಗಲೂ ಹಾಕುವ ಸಣ್ಣ ತೂತಿನ ಬಿಲ್ಲೆ ತೆಗೆದರು. ತಂಗಿ ಅದಲ್ಲವೆಂದು ಜೋರಾಗಿ ತಲೆಯಾಡಿಸಿದಳು. ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟೆ. ಚಕ್ಕುಲಿಯ ನಕ್ಷತ್ರ, ರಿಬ್ಬನ್ ಪಕೋಡದ ಸೀಳು, ಎಲ್ಲ ಪಕ್ಕಕ್ಕೆ ಸರಿಸಿ, ಎಡಗೈಯ ಬೆರಳುಗಳಲ್ಲಿ ನಾವು ಬಳಸದೇ ಬಿಟ್ಟಿದ್ದ ದಪ್ಪ ತೂತಿನ ಬಿಲ್ಲೆಯನ್ನು ಎತ್ತಿ ಹಿಡಿದಳು. ಬೆಳಕಿಗೆ ಹಿಡಿದರೆ ಒಂದು ತೂತಿನ ಅಂಚು ಮಾತ್ರ ಗೀರುಗೀರಾಗಿತ್ತು. ಹಳೆಯ ಕಾಯಿಲಿನ ತಂತಿಯನ್ನು ಅದರಲ್ಲಿ ತೂರಿಸಿ ಅಳತೆ ನೋಡುತ್ತಿದ್ದಳೆಂದು ಕಾಣುತ್ತದೆ. ಅದಕ್ಕೇ ಆ ಹೆಸರು.

ಗಂಡ ಅದೇ ಬಿಲ್ಲೆ ಹಾಕಿ ಒತ್ತಿದರು. ದಪ್ಪ ಎಳೆಗಳು ತಟ್ಟೆಗಿಳಿದವು. ತಂಗಿ ಈ ಸಲ ತಟ್ಟೆ ತಳ್ಳಲಿಲ್ಲ. ಸುತ್ತಲೂ ನೋಡಿ ಮರದ ಸೌಟು ತೋರಿಸಿದಳು, ಕೊಟ್ಟೆ. ಸೌಟನ್ನು ಸೋತ ಬಲಗೈಯ ಕೆಳಗೆ ಒತ್ತಿ ಹಿಡಿದು, ಎಡಗೈಯಿಂದ ಬಿಸಿ ಎಳೆಯೊಂದನ್ನು ಎತ್ತಿ ಸೌಟಿನ ಹಿಡಿಗೆ ಸುತ್ತತೊಡಗಿದಳು. ತುಂಡಾಯಿತು. ಇನ್ನೊಂದು ಎತ್ತಿಕೊಂಡಳು. ಒತ್ತೊತ್ತಾಗಿ, ಒಂದು ಸುತ್ತಿನ ಪಕ್ಕ ಇನ್ನೊಂದು ಸುತ್ತು. ಅಡುಗೆಮನೆಯಲ್ಲಿ ಹಬೆ ತೇಲುತ್ತಿತ್ತು. ಕೊನೆಗೆ ಸೌಟನ್ನು ಮೆಲ್ಲಗೆ ಎಳೆದುಕೊಂಡಾಗ ತಟ್ಟೆಯ ಮೇಲೆ ಬಿಳಿಯ ಕಾಯಿಲ್ ಒಂದು ಮಲಗಿತ್ತು.

ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಅವಳ ಕೈಯ ಹಿಟ್ಟು ನನ್ನ ಕುಪ್ಪಸಕ್ಕೆಲ್ಲ ಮೆತ್ತಿತು.

ಬಿಲ್ಲೆ, ಸೌಟು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮತ್ತೆ ತರೀಕೆರೆಗೆ ಹೋದೆ. "ಏನ್ ಮೇಡಂ, ಅಡಿಗೆಮನೇನೇ ತಂದ್ಬಿಟ್ರಲ್ಲ" ಎಂದು ನಕ್ಕರು ವೈಂಡಿಂಗಿನವರು. ಆದರೂ ಗೀರಿದ್ದ ತೂತಿನೊಳಗೆ ಒಂದೊಂದೇ ತಂತಿ ತೂರಿಸಿ ನೋಡಿದರು. ಒಂದು ಸಡಿಲ, ಇನ್ನೊಂದು ಹೋಗಲೇ ಇಲ್ಲ, ನಡುವಿನದು ಬಿಗಿಯಾಗಿ ಸರಿದು ಹೋಯಿತು. ಅದೇ ಅಳತೆಯ, ಉರಿ ತಡೆಯುವ ತಂತಿಯನ್ನು ಬೆಂಗಳೂರಿನಿಂದ ತರಿಸಿ, ಸೌಟಿನ ಹಿಡಿಯಷ್ಟೇ ದಪ್ಪದ ಸರಳಿನ ಮೇಲೆ ಸುತ್ತುವುದಾಗಿ ಒಪ್ಪಿಕೊಂಡರು. ಕೆಲವು ದಿನಗಳಾದ ಮೇಲೆ ಫೋನು ಬಂತು.

"ಮೇಡಂ, ನಿಮ್ಮ ಶಾವಿಗೆ ರೆಡಿ."

ಅವರೇ ಬಂದು ಕಾಯಿಲ್ ಕೂರಿಸಿ, ಕರೆಂಟು ಕೊಟ್ಟು, ಅಳತೆ ನೋಡಿದರು. ತಂಗಿ ಪಕ್ಕದಲ್ಲೇ ಕೂತು, ಸುರುಳಿ ಕಾಲುವೆಯಿಂದ ಜಾರದ ಹಾಗೆ ಇಟ್ಟಿಗೆಗೆ ಪಿನ್ನು ಎಲ್ಲಿ ಚುಚ್ಚಬೇಕೆಂದು ಬೆರಳಿಂದ ತಟ್ಟಿ ತಟ್ಟಿ ತೋರಿಸಿದಳು. ಕೂಜೆಗಳನ್ನು ಮಗುವನ್ನೆತ್ತಿದ ಹಾಗೆ ಎತ್ತಿ ಒಳಗಿಟ್ಟೆವು. ಬೆಳಿಗ್ಗೆ ಸಣ್ಣಗೆ ಕಾಯಿಸಲು ಶುರುಮಾಡಿ, ಮುಚ್ಚಳವನ್ನು ಬೆರಳು ಹೋಗುವಷ್ಟು ತೆರೆದಿಟ್ಟೆವು. ಮಣ್ಣಿನೊಳಗೆ ಉಳಿದ ನೀರು ಹೋಗದೆ ಉರಿ ಏರಿಸಿದರೆ ಮಡಕೆ ಸಿಡಿಯುತ್ತದೆ. ನೀರು ಹೋಯಿತೇ ಎಂದು ನೋಡಲು ತಂಗಿ ತನ್ನ ಕೈಗನ್ನಡಿ ತರಿಸಿ ಆ ಸಂದಿಗೆ ಹಿಡಿದಳು. ಕನ್ನಡಿ ಮಂಜಾಯಿತು. ಅವಳು ಓಡಾಡುತ್ತಾ ಮಾತಾಡುತ್ತಾ ಇದ್ದ ದಿನಗಳಲ್ಲಿ ಆ ಮಣ್ಣಿಗೆ ಕಲಸಿದ್ದ ನೀರು, ಅಷ್ಟೂ ದಿನ ಒಳಗೇ ಕೂತಿದ್ದದ್ದು, ಈಗ ಹೊರಟಿತ್ತು. ನನ್ನ ಮೊಬೈಲು ಆವಿಗೆಯನ್ನು ಆವಿಯೆಂದದ್ದು ಪೂರಾ ಸುಳ್ಳಲ್ಲ. ಒರೆಸಿ ಹಿಡಿದಳು, ಮತ್ತೆ ಮಂಜು. ಮತ್ತೆ ಒರೆಸಿದಳು. ಬಿಸಿಲು ಒಗೆಯುವ ಕಲ್ಲಿನಿಂದ ಇಳಿದು ಗೋಡೆಗೆ ಹತ್ತುವ ಹೊತ್ತಿಗೆ ಕನ್ನಡಿಯಲ್ಲಿ ಅವಳ ಮುಖ ತಿಳಿಯಾಗಿ ನಿಂತಿತು. ಮುಚ್ಚಳ ಮುಚ್ಚಿದೆವು. ಸಂಜೆಗೆ ನೋಡುವ ಕಿಂಡಿಯಿಂದ ಇಣುಕಿದರೆ ಒಳಗೆ ಕಿತ್ತಳೆ ಬಣ್ಣದ ಬೆಳಕಲ್ಲದೆ ಬೇರೇನೂ ಇರಲಿಲ್ಲ. ಕೂಜೆಗಳೂ ಬೆಳಕೇ ಆಗಿಬಿಟ್ಟಿದ್ದವು.

ಮಾರನೆಯ ದಿನ ಆವಿಗೆ ಆರುತ್ತಿತ್ತು. ಪೂರ್ತಿ ಆರುವವರೆಗೆ ತೆರೆಯಬಾರದು. ನಾನು ಹಿತ್ತಲಿನ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ತೂಕಡಿಸುತ್ತಿದ್ದೆ. ಸೆರಗು ಹಿಡಿದು ಯಾರೋ ಎಳೆದರು.

"ಶಾವಿಗೆ" ಎಂದಳು ತಂಗಿ.

ಕಾಯಿಲ್ ಮುರಿದಿದೆ. ಇವಳಿಗೆ ಹೇಗೋ ಗೊತ್ತಾಗಿದೆ. ಸೊಪ್ಪು ಚೆಲ್ಲಿ ಕೊಟ್ಟಿಗೆಗೆ ಓಡಿ, ಕಟ್ಟುನಿಟ್ಟೆಲ್ಲ ಮರೆತು, ಬಟ್ಟೆ ಹಿಡಿದು ಮುಚ್ಚಳ ಎತ್ತಿದೆ. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಸುರುಳಿಗಳು ಕಾಲುವೆಗಳಲ್ಲಿ ನೆಟ್ಟಗೆ ಮಲಗಿದ್ದವು. ನಡುವೆ ಕೂಜೆಗಳು ಕೆಂಪಗೆ, ಗಟ್ಟಿಯಾಗಿ, ಒಂದೂ ಸಿಡಿಯದೆ. ಮುಚ್ಚಿ ಓಡಿ ಬಂದು ಏದುಸಿರಿನಲ್ಲೇ, "ನೆಟ್ಟಗಿದೆ ಕಣೇ, ಒಂದೂ ಮುರಿದಿಲ್ಲ, ಹೆದರ್ಕೋಬೇಡ" ಎಂದೆ.

ಅವಳು ಅದಲ್ಲವೆಂದು ತಲೆಯಾಡಿಸಿದಳು. ನನ್ನ ಕೆದರಿದ ಕೂದಲು, ಕೈಯಲ್ಲಿನ್ನೂ ಹಿಡಿದಿದ್ದ ಮಸಿಬಟ್ಟೆ ನೋಡಿ, ಲಕ್ವ ಹೊಡೆದ ಮೇಲೆ ಮೊದಲ ಸಲ, ಅರ್ಧ ಬಾಯಲ್ಲೇ ಗಟ್ಟಿಯಾಗಿ ನಕ್ಕಳು. ಆಮೇಲೆ ಎಡಗೈಯ ಬೆರಳುಗಳನ್ನು ತುತ್ತು ಹಿಡಿದ ಹಾಗೆ ಸೇರಿಸಿ, ಬಾಯಿಯ ಹತ್ತಿರ ಒಯ್ದು, ದಡ್ಡ ಮಕ್ಕಳಿಗೆ ಪಾಠ ಹೇಳುವ ತಾಳ್ಮೆಯಿಂದ ಇನ್ನೊಮ್ಮೆ ಹೇಳಿದಳು.

"ಶಾವಿಗೆ."

ನಾನು ನಿಂತಲ್ಲಿಂದಲೇ ಕೂಗಿದೆ. "ರೀ, ಒರಳು ತೊಳೀರಿ!"

"ಯಾವ ಬಿಲ್ಲೆ?" ಎಂದರು ಗಂಡ ಒಳಗಿನಿಂದ, ಡಬ್ಬಿ ಅಲ್ಲಾಡಿಸುತ್ತಾ.

ಅವಳು ಡಬ್ಬಿಯಿಂದ ಆರಿಸಿಕೊಟ್ಟದ್ದು ಸಣ್ಣ ತೂತಿನದು. ಕಾಯಿಹಾಲು ತಟ್ಟೆಯ ಅಂಚಿಗೆ ಬರುವಷ್ಟು ಹೊಯ್ದೆ. ತಿನ್ನಿಸಲು ಚಮಚ ತೆಗೆದುಕೊಂಡರೆ ನನ್ನ ಕೈ ತಳ್ಳಿ, ತಾನೇ ಎಡಗೈಯಲ್ಲಿ ತುತ್ತು ಮಾಡಿ, ಗದ್ದದ ಮೇಲೆಲ್ಲ ಚೆಲ್ಲಿಕೊಂಡು ತಿಂದಳು. ಮುಗಿದ ಮೇಲೆ ಖಾಲಿ ತಟ್ಟೆಯನ್ನು ನನ್ನ ಕಡೆಗೆ ಚಾಚಿದಳು.